ಜೀಪಿನ ಚಾಸಿಸ್‌ಗೆ ತೇಪೆ ಹಾಕಬೇಡಿ

ಮಳೆ ಬಿಟ್ಟು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ವರ್ಕ್‌ಶಾಪುಗಳಿಗೆ ಹಳೆ ಜೀಪುಗಳು ಒಂದೊಂದಾಗಿ ಬರತೊಡಗುತ್ತವೆ. ಈ ಸಲ ಮೊದಲು ಬಂದದ್ದು ನಿವೃತ್ತ ಮಾಷ್ಟ್ರೊಬ್ಬರ ಮಹೀಂದ್ರ ಸಿಜೆ 3ಬಿ. ಅವರ ತಂದೆ ತೆಗೆದ ಗಾಡಿ. “ಅಣ್ಣಾ, ಹಿಂದಿನ ಬಲಬದಿ ಸ್ವಲ್ಪ ಕೂತ ಹಾಗೆ ಕಾಣ್ತದೆ, ಪ್ಲೇಟು ಮುರಿದಿದೆಯೋ ಏನೋ ನೋಡಿ” ಎಂದರು. ಸ್ಪ್ರಿಂಗಿನ ಪ್ಲೇಟುಗಳು ಸರಿಯಾಗಿಯೇ ಇದ್ದವು. ಆ ಸ್ಪ್ರಿಂಗನ್ನು ಹೊತ್ತುಕೊಂಡ ಚಾಸಿಸ್, ಅಂದರೆ ಗಾಡಿಯ ಭಾರ ಹೊರುವ ಅಡಿಯ ಉಕ್ಕಿನ ಚೌಕಟ್ಟು, ತುಕ್ಕು ಹಿಡಿದು ಹೋಗಿತ್ತು. ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಕಬ್ಬಿಣ ಠಣ್ ಎನ್ನಬೇಕು. ಇಲ್ಲಿ ತೆಂಗಿನ ಮಡಲಿಗೆ ಬಡಿದ ಹಾಗೆ ಮಂಕು ಸದ್ದು. ಸ್ಕ್ರೂಡ್ರೈವರ್ ಒತ್ತಿದೆ, ಒಳಗೆ ಇಳಿಯಿತು.

ಅಲ್ಲಿ ಹಿಂದೊಮ್ಮೆ ಯಾರೋ 6 ಮಿ.ಮೀ. ದಪ್ಪದ ಪ್ಲೇಟನ್ನು ತುಕ್ಕಿನ ಮೇಲೆಯೇ ಇಟ್ಟು ಸುತ್ತಲೂ ವೆಲ್ಡ್ ಮಾಡಿದ್ದರು. ಪ್ಲೇಟು ಈಗಲೂ ಹೊಸದರ ಹಾಗಿದೆ. ಅದು ಮುಗಿಯುವ ಗೆರೆಯಲ್ಲೇ ಮೂಲ ಚಾಸಿಸ್ ಸೀಳಿದೆ. ಇದರಲ್ಲಿ ಅವರನ್ನು ದೂರಲು ನನಗೆ ಬಾಯಿಲ್ಲ. ಕಸುಬು ಕಲಿತ ಹೊಸತರಲ್ಲಿ ನಾನೂ ಹೀಗೆಯೇ ಒಂದು ಜೀಪಿಗೆ ಹಾಕಿದ್ದೆ. ವರ್ಷದೊಳಗೆ ಅದು ಬಂದಡ್ಕದ ಚಡಾವಿನಲ್ಲಿ ಅಡಿಕೆ ಮೂಟೆಗಳ ಸಮೇತ ಹಿಂದೆ ಕೂತುಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಸೀಳು ಇನ್ನೂ ನನ್ನ ಕಣ್ಣಮುಂದಿದೆ.

ದಪ್ಪ ಹಾಕಿದರೆ ಗಟ್ಟಿ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಜೀಪಿನ ಚಾಸಿಸ್ ಬಾಗಬೇಕು, ಸ್ವಲ್ಪ ತಿರುಚಿಕೊಳ್ಳಲೂ ಬೇಕು. ಒಂದು ಚಕ್ರ ಗುಂಡಿಗೆ ಇಳಿದಾಗ ಉದ್ದಕ್ಕೂ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಬಾಗಿ ಆ ಹೊರೆಯನ್ನು ಹಂಚಿಕೊಳ್ಳುತ್ತದೆ. ನಡುವೆ ಒಂದು ಅಡಿ ಮಾತ್ರ ಇಮ್ಮಡಿ ದಪ್ಪವಾದರೆ ಅಷ್ಟು ಭಾಗ ಬಾಗುವುದಿಲ್ಲ, ಬಾಗಬೇಕಾದದ್ದೆಲ್ಲ ಅದರ ಅಂಚಿಗೆ ಬಂದು ಸೇರುತ್ತದೆ. ಅಡ್ಡಕ್ಕೆ ನೇರ ವೆಲ್ಡ್ ಎಳೆದಿದ್ದರೆ ಕೇಳುವುದೇ ಬೇಡ. ಸಾಲದ್ದಕ್ಕೆ ಎರಡು ಪ್ಲೇಟುಗಳ ಸಂದಿಗೆ ನೀರು ಸೇರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಉಬ್ಬಿ ಪ್ಲೇಟನ್ನೇ ಎಬ್ಬಿಸುತ್ತದೆ.

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಪಕ್ಕದಲ್ಲೇ ಕಡಲು. ನಮ್ಮೂರಲ್ಲಿ ತುಕ್ಕಿಗೆ ಬೇರೆ ಕಾರಣ ಬೇಕಿಲ್ಲ. ಆದರೂ ತೋಟದ ಜೀಪುಗಳಿಗೆ ಇನ್ನೊಂದು ಶತ್ರು ಇದೆ: ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವವರಿಗೆ ಗೊತ್ತು, ಸುಣ್ಣ ಕಡಿಮೆಯಾಗಿದೆಯೋ ಎಂದು ನೋಡಲು ಕತ್ತಿಯ ಅಲಗು ಅದ್ದುತ್ತೇವೆ, ಕೆಂಪಗಾದರೆ ಇನ್ನಷ್ಟು ಸುಣ್ಣ ಸೇರಿಸುತ್ತೇವೆ. ಆ ಕೆಂಪು ತಾಮ್ರ. ತಾಮ್ರ ಕೂತಷ್ಟೂ ಕತ್ತಿಯ ಕಬ್ಬಿಣ ಕರಗಿರುತ್ತದೆ. ಜೀಪಿನ ಹಿಂದೆ ಮೈಲುತುತ್ತಿನ ಚೀಲ ಸೋರಿದರೆ ಚಾಸಿಸ್‌ಗೂ ಅದೇ ಆಗುತ್ತದೆ. ಮಾಷ್ಟ್ರ ಜೀಪಿನಲ್ಲಿ ಬಲಬದಿ ಮಾತ್ರ ಹೋಗಿದ್ದು ಯಾಕೆಂದು ಕೇಳಿದಾಗ, ಚೀಲ ಇಡುತ್ತಿದ್ದದ್ದು ಆ ಮೂಲೆಯಲ್ಲೇ ಎಂದು ಅವರೇ ನೆನಪಿಸಿಕೊಂಡರು.

ಹಾಗಾಗಿ ಮಾಡಬೇಕಾದ ಕೆಲಸ ಒಂದೇ. ಹಾಳಾದ ತುಂಡನ್ನು ಒಳ್ಳೆ ಲೋಹ ಸಿಗುವವರೆಗೆ ಕೊಯ್ದು ತೆಗೆಯುವುದು, ಅದೇ ದಪ್ಪದ, ಅದೇ ಆಕಾರದ ಹೊಸ ತುಂಡನ್ನು ಕೂರಿಸುವುದು. ಇವರದ್ದರಲ್ಲಿ ಒಳ್ಳೆ ಭಾಗಕ್ಕೆ ದಪ್ಪ ಅಳೆಯುವ ವರ್ನಿಯರ್ ಹಿಡಿದಾಗ 3 ಮಿ.ಮೀ. ಬಂತು, 3 ಮಿ.ಮೀ. ಶೀಟನ್ನೇ ತಂದೆ. ಭಾರತೀಯ ಮಾನಕ ಐಎಸ್ 2062ರ ಇ250 ದರ್ಜೆಯ ಸಾದಾ ಉಕ್ಕು ಇದಕ್ಕೆ ಸಾಕು. ಗುಜರಿಯಲ್ಲಿ ಸಿಕ್ಕ ಲಾರಿ ಚಾಸಿಸ್ ತುಂಡು ಬೇಡ, ಅದು ಯಾವ ಉಕ್ಕು ಎಂದು ನೋಡಿ ಹೇಳಲಾಗುವುದಿಲ್ಲ.

ಗ್ರೈಂಡರ್ ಮುಟ್ಟುವ ಮೊದಲು ಅಳತೆ. ನಾನು ಒಂದೂವರೆ ದಿನ ಕೊಡುವುದು ಇದಕ್ಕೇ. ಬಾಡಿ ಇಳಿಸಿ, ಚಾಸಿಸ್ಸನ್ನು ಸಮಮಟ್ಟದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಮೇಸ್ತ್ರಿಗಳ ತೂಗುಗುಂಡಿನಿಂದ ಪ್ರತಿಯೊಂದು ಸ್ಪ್ರಿಂಗ್ ಹ್ಯಾಂಗರಿನ (ಸ್ಪ್ರಿಂಗನ್ನು ಚಾಸಿಸ್‌ಗೆ ಹಿಡಿಸುವ ಕೊಂಡಿ) ತೂತನ್ನೂ ನೆಲಕ್ಕೆ ಇಳಿಸಿ ಗುರುತು ಹಾಕುತ್ತೇನೆ. ಆಮೇಲೆ ಮೂಲೆಯಿಂದ ಮೂಲೆಗೆ ಅಡ್ಡ ಅಳೆಯುವುದು. ಎರಡು ಕರ್ಣಗಳು ಸಮ ಇಲ್ಲದಿದ್ದರೆ ಗಾಡಿ ಮೊದಲೇ ಎಲ್ಲೋ ಬಡಿಸಿಕೊಂಡಿದೆ ಎಂದರ್ಥ; ಅದನ್ನು ಎಳೆದು ಸರಿ ಮಾಡದೆ ವೆಲ್ಡ್ ಮಾಡಿದರೆ ಆ ಸೊಟ್ಟ ಅಲ್ಲೇ ಉಳಿಯುತ್ತದೆ. ಸಿಜೆ 3ಬಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 80 ಇಂಚು, ಅಂದರೆ 2,032 ಮಿ.ಮೀ. ಎರಡೂ ಬದಿಯಲ್ಲಿ ಅದನ್ನು ತಾಳೆ ನೋಡಿ. ಕೊಯ್ಯುವ ಜಾಗದ ಆಚೆ ಈಚೆಗೆ ಆಂಗಲ್ ಪಟ್ಟಿಯನ್ನು ಚುಕ್ಕೆ ಬೆಸುಗೆಯಲ್ಲಿ ಟ್ಯಾಕ್ ಮಾಡಿ ಬಿಗಿದುಕೊಳ್ಳಿ. ಎರಡೂ ಬದಿ ಹಾಳಾಗಿದ್ದರೂ ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಬೇಕು.

ಎಲ್ಲಿ ಕೊಯ್ಯಬೇಕು? ತೋಡಿಗೆ ಹಾಕಿದ ಅಡಿಕೆಮರದ ಸಂಕವನ್ನು ನೆನೆಯಿರಿ. ನಡುವೆ ನಿಂತರೆ ಅದರ ಅಡಿಮೈ ಹಿಗ್ಗುತ್ತದೆ, ಬಿರುಕು ಬಿಡುವುದೂ ಅಲ್ಲೇ. ಎರಡು ಆಕ್ಸಲ್‌ಗಳ ನಡುವೆ ಚಾಸಿಸ್‌ನ ಕೆಳ ಮಡಿಕೆಗೂ (ಮಡಿಸಿದ ಕೆಳ ಅಂಚು) ಅದೇ ಗತಿ. ಸಂಕದ ತುದಿ ದಡ ದಾಟಿ ಹೊರಚಾಚಿದ್ದು ಅಲ್ಲಿ ನಿಂತರೆ ಹಿಗ್ಗುವುದು ಮೇಲ್ಮೈ. ಜೀಪಿನಲ್ಲಿ ಹಿಂದಿನ ಆಕ್ಸಲ್ ದಾಟಿ ಚಾಚಿದ ಭಾಗದಲ್ಲೂ ಹಾಗೆಯೇ. ಆದ್ದರಿಂದ ಮೇಲಿನಿಂದ ಕೆಳಗೆ ನೇರವಾಗಿ ಕತ್ತರಿಸಬೇಡಿ. 45 ಡಿಗ್ರಿ ಓರೆಯಾಗಿ ಕೊಯ್ದರೆ ಮೇಲಿನ ಮಡಿಕೆಯ ಬೆಸುಗೆಗೂ ಕೆಳಗಿನದಕ್ಕೂ ಚಾಸಿಸ್ ಪಟ್ಟಿಯ ಎತ್ತರದಷ್ಟು ಅಂತರ ಬರುತ್ತದೆ, ಎರಡೂ ಒಂದೇ ಗೆರೆಯಲ್ಲಿ ಬೀಳುವುದಿಲ್ಲ. ಹ್ಯಾಂಗರಿನ ಬುಡ, ತೂತು, ಬಾಗಿದ ತಿರುವು, ಇವುಗಳ ಹತ್ತಿರ ಬೆಸುಗೆ ಬರಬಾರದು. ಇನ್ನೂ ಎರಡು ಗೇಣು ಒಳ್ಳೆ ಲೋಹ ಕಳೆದುಕೊಂಡರೂ ಪರವಾಗಿಲ್ಲ.

ಜೀಪಿನ ಹಿಂಭಾಗ ಸಿ ಅಕ್ಷರದ ಆಕಾರದ ತೆರೆದ ಚಾನೆಲ್ ಆದ್ದರಿಂದ ಒಳಗಿಂದಲೂ ಕೈ ಹೋಗುತ್ತದೆ. ಅಂಚುಗಳನ್ನು ಓರೆ ಉಜ್ಜಿ, 2 ಮಿ.ಮೀ. ಸಂದಿ ಬಿಟ್ಟು, ಹೊರಗಿನಿಂದ ಬೆಸೆದು, ಒಳಗಿನಿಂದ ಹೊಳೆಯುವ ಲೋಹದವರೆಗೆ ಗ್ರೈಂಡ್ ಮಾಡಿ ಮತ್ತೆ ಬೆಸೆಯುತ್ತೇನೆ. ಮುಂಭಾಗದಲ್ಲಿ ನಾಲ್ಕೂ ಬದಿ ಮುಚ್ಚಿ ಬಾಕ್ಸ್ ಮಾಡಿರುವ ಕಡೆ ಅದು ಸಾಧ್ಯವಿಲ್ಲ. ಅಲ್ಲಿ ಮಾತ್ರ ಒಳಗೆ ಅದೇ ದಪ್ಪದ ಸ್ಲೀವ್ ಇಟ್ಟು, ಅದರ ತುದಿಗಳನ್ನು ಮೀನಿನ ಬಾಲದ ಹಾಗೆ ಕತ್ತರಿಸಿ, ಪ್ಲಗ್ ವೆಲ್ಡ್ (ತೂತಿನೊಳಗೆ ತುಂಬುವ ಬೆಸುಗೆ) ಹಾಕುತ್ತೇನೆ.

ಗ್ಯಾಸಿನ ಆಸರೆಯಲ್ಲಿ ವೈರಿನಿಂದ ಬೆಸೆಯುವ ಮಿಗ್ ಯಂತ್ರ ಇದ್ದರೆ 0.8 ಮಿ.ಮೀ.ನ ಇಆರ್70ಎಸ್-6 ವೈರು. ಫ್ಯಾನು ಬಂದ್ ಮಾಡಿ, ಗಾಳಿ ಗ್ಯಾಸನ್ನು ಹಾರಿಸಿದರೆ ಬೆಸುಗೆಯೊಳಗೆ ತೂತು ಬೀಳುತ್ತದೆ. ಆರ್ಕ್‌ನಲ್ಲಿ 7018 ರಾಡು ಹಿಡಿಯುವವರು ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ಟಿನಿಂದ ನೇರ ತೆಗೆದು ಉಪಯೋಗಿಸಬಾರದು. ಅದು ತೇವ ಹೀರುತ್ತದೆ, ಆ ತೇವದ ಹೈಡ್ರೋಜನ್‌ನಿಂದ ಬೆಸುಗೆ ಸೀಳಬಹುದು. ಸುಮಾರು 300 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಗಾಡಿ ಮುಟ್ಟುವ ಮೊದಲು ಅದೇ ಶೀಟಿನ ಎರಡು ತುಂಡು ಬೆಸೆದು ವೈಸ್‌ನಲ್ಲಿ ಬಗ್ಗಿಸಿ ನೋಡುವ ರೂಢಿ ನನ್ನದು. ಸೀಳಿದರೆ ಕರೆಂಟು ಸರಿ ಮಾಡಿ ಇನ್ನೊಂದು ಸಲ.

ಬೆಸುಗೆ ತಣಿಯುವಾಗ ಕುಗ್ಗಿ ಎಳೆಯುತ್ತದೆ. ಅದಕ್ಕೇ ಇಂಚು ಒಂದೂವರೆ ಇಂಚಿನ ಚಿಕ್ಕ ಓಟ, ಒಂದು ಮೇಲೆ, ಒಂದು ಕೆಳಗೆ, ನಡುವೆ ಬಿಡುವು, ಪ್ರತಿ ಸಲ ಕರ್ಣದ ಅಳತೆ. ನೀರು ಹೊಯ್ದು ತಣಿಸುವುದು ಬೇಡವೇ ಬೇಡ. ಅರ್ಥ್ ಕ್ಲಾಂಪು ಬೆಸುಗೆಯ ಪಕ್ಕದಲ್ಲೇ ಇರಲಿ. ದೂರ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹಾದು ಅದನ್ನು ಕೆಡಿಸುತ್ತದೆ. ಸ್ಪ್ರಿಂಗ್ ಪ್ಲೇಟಿಗೆ ರಾಡಿನ ತುದಿ ತಾಗಿದರೂ ಮುಂದೆ ಅಲ್ಲೇ ಮುರಿಯಬಹುದು.

ಹಳೆ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲೇ ಇರುತ್ತದೆ. ಖಾಲಿ ಟ್ಯಾಂಕಿಗೆ ಭಯವಿಲ್ಲ ಎಂದು ತಿಳಿಯಬೇಡಿ, ಗಾಳಿಯೊಂದಿಗೆ ಬೆರೆತ ಆವಿಯೇ ಸಿಡಿಯುವುದು. ಟ್ಯಾಂಕು ಕಳಚಿ ವರ್ಕ್‌ಶಾಪಿನಿಂದ ಹೊರಗಿಡಿ. ಬ್ಯಾಟರಿಯ ವೈರನ್ನೂ ಬಿಚ್ಚಿ.

ಕಾಗದಪತ್ರದ ಮಾತೂ ಇದೆ. ಚಾಸಿಸ್ ನಂಬರ್ ಹೊಡೆದ ಜಾಗವನ್ನು ಕೊಯ್ಯಬಾರದು, ಉಜ್ಜಬಾರದು. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಅದು ಮೂಲರೂಪದಲ್ಲಿರಬೇಕು, ಚಾಸಿಸ್ ಮಾರ್ಪಾಡಾಗಿರಬಾರದು. ಮಾಷ್ಟ್ರಿಗೆ ಆ ಆಸೆಯಿತ್ತು. ಅದಕ್ಕೇ ಕೆಲಸದ ಪ್ರತಿ ಹಂತದ ಫೋಟೋ ತೆಗೆದಿಟ್ಟೆ, ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ ಬನ್ನಿ ಎಂದೆ.

ಬಿರುಕು ಇದೆಯೋ ಎಂದು ನೋಡಲು ಬೆಸುಗೆಗೆ ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದೆ. ಎಲ್ಲೂ ಕೆಂಪು ಗೆರೆ ಮೂಡಲಿಲ್ಲ. ಕರ್ಣಗಳ ವ್ಯತ್ಯಾಸ 2 ಮಿ.ಮೀ. ಒಳಗೆ ನಿಂತಿತು. ಪ್ರೈಮರ್, ಪೇಂಟ್, ಸಂದಿಗಳಿಗೆ ಮೇಣ. ನೀರಿಳಿಯುವ ತೂತುಗಳಲ್ಲಿ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು, ಅದನ್ನೆಲ್ಲ ತೆಗೆದೆ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ತನ್ನಿ, ಬೆಸುಗೆ ಮತ್ತೆ ನೋಡಬೇಕು, ಮೈಲುತುತ್ತಿನ ಚೀಲವನ್ನು ಇನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು ಒಯ್ಯಿರಿ ಎಂದು ಮಾಷ್ಟ್ರಿಗೆ ಹೇಳಿ ಕೀಲಿ ಕೊಟ್ಟೆ.