ನೋವೇ ಗೊತ್ತಾಗದ ಕಾಲಲ್ಲಿ ಹೆಪ್ಪು ಹುಡುಕುವುದು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಬೆನ್ನುಹುರಿಗೆ ಪೆಟ್ಟು ಅಂದರೆ ಮೊದಲು ನೆನಪಾಗುವುದು ಅಡಿಕೆ ಮರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಹತ್ತಿದವರು ಜಾರಿ ಬೀಳುತ್ತಾರೆ, ಸೊಂಟದ ಕೆಳಗೆ ಸ್ವಾಧೀನ ಹೋಗುತ್ತದೆ, ಆಂಬುಲೆನ್ಸ್ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಓಡುತ್ತದೆ. ಎಲ್ಲರ ಗಮನ ಬೆನ್ನಿನ ಮೇಲೆ. ಕಾಲನ್ನು ಯಾರು ನೋಡುತ್ತಾರೆ?

ನಡೆಯುವಾಗ ಮೀನಖಂಡದ ಸ್ನಾಯು ಪಂಪಿನ ಹಾಗೆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಆ ಪಂಪ್ ನಿಂತರೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಇದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 19ನೇ ಶತಮಾನದ ಮಧ್ಯದಲ್ಲೇ ವಿವರಿಸಿದ್ದರು. ಆದರೆ ಸ್ಪರ್ಶವೇ ಇಲ್ಲದ ಕಾಲು ನೋವು ಅಂತ ಹೇಳುವುದಿಲ್ಲ ಅಲ್ವಾ?

ಮೊದಲೆಲ್ಲ ಪಾದದ ರಕ್ತನಾಳಕ್ಕೆ ಬಣ್ಣದ ಮದ್ದು ಚುಚ್ಚಿ ಎಕ್ಸ್‌ರೇ ತೆಗೆಯುತ್ತಿದ್ದರು. 1994ರಲ್ಲಿ ಕೆನಡಾದ ವೈದ್ಯರು ದೊಡ್ಡ ಅಪಘಾತಗಳಲ್ಲಿ ಗಾಯಗೊಂಡ 349 ಜನರಿಗೆ ಹೀಗೇ ಮಾಡಿ ನೋಡಿದರು. 201 ಜನರ ಕಾಲಲ್ಲಿ ಹೆಪ್ಪು! ಅವರಲ್ಲಿ ಮೊದಲೇ ಅನುಮಾನ ಬರುವಂಥ ಲಕ್ಷಣ ಇದ್ದದ್ದು ಮೂರೇ ಜನರಿಗೆ.

ಅಷ್ಟರಲ್ಲಿ ಅಲ್ಟ್ರಾಸೌಂಡ್ ಬಂದಿತ್ತು. ಸೂಜಿ ಇಲ್ಲ, ನೋವಿಲ್ಲ. ಕಾಲಿನ ಮೇಲೆ ಪ್ರೋಬ್ (ಸ್ಕ್ಯಾನ್ ಮಾಡುವಾಗ ಕೈಯಲ್ಲಿ ಹಿಡಿಯುವ ಭಾಗ) ಒತ್ತಿದಾಗ ಸರಿ ಇರುವ ರಕ್ತನಾಳ ಚಪ್ಪಟೆಯಾಗುತ್ತದೆ, ಹೆಪ್ಪು ಇದ್ದರೆ ಆಗುವುದಿಲ್ಲ. ಇಷ್ಟು ಸುಲಭ ಅಂದಮೇಲೆ ಬೆನ್ನುಹುರಿ ಪೆಟ್ಟಾದ ಎಲ್ಲರಿಗೂ ಮಾಡಿದರಾಯಿತು ಅಂತ ಅನೇಕ ಕಡೆ ಶುರುವಾಯಿತು.

ನಿಧಾನಕ್ಕೆ ಕಷ್ಟ ಗೊತ್ತಾಯಿತು. ಮೀನಖಂಡದ ಸಣ್ಣ ಹೆಪ್ಪು ಎಷ್ಟೋ ಸಲ ಸ್ಕ್ಯಾನಿನಲ್ಲಿ ತಪ್ಪಿಹೋಗುತ್ತದೆ. ಇವತ್ತು ಏನೂ ಇಲ್ಲ ಅಂದರೆ ನಾಳೆಯೂ ಇಲ್ಲ ಅಂತಲ್ಲ. ಸಿಕ್ಕಿತು ಅಂತ ಪೂರ್ತಿ ಡೋಸ್ ರಕ್ತ ತೆಳು ಮಾಡುವ ಮದ್ದು ಕೊಟ್ಟರೆ, ಈಗಷ್ಟೇ ಆಪರೇಷನ್ ಆದ ಬೆನ್ನಲ್ಲಿ ರಕ್ತಸ್ರಾವದ ಭಯ. ಹಾಗಾಗಿ ಅಮೆರಿಕದ ತಜ್ಞರ 2016ರ ಮಾರ್ಗಸೂಚಿ, ಲಕ್ಷಣ ಇಲ್ಲದವರಿಗೆಲ್ಲ ಸುಮ್ನೆ ಸ್ಕ್ಯಾನ್ ಬೇಡ, ಹೆಪ್ಪುಗಟ್ಟದಂತೆ ತಡೆಯಲು ಕಡಿಮೆ ಡೋಸಿನಲ್ಲಿ ಹೆಪಾರಿನ್ ಜಾತಿಯ (ರಕ್ತ ತೆಳು ಮಾಡುವ) ಇಂಜೆಕ್ಷನ್ ಬೇಗ ಶುರು ಮಾಡಿ, ಕನಿಷ್ಠ 8 ವಾರ ಕೊಡಿ ಅಂದಿತು.

ನನಗೂ ಅದೇ ಸರಿ ಅನ್ನಿಸುತ್ತದೆ, ನಮ್ಮೂರಿಗಂತೂ ಇನ್ನೂ ಜಾಸ್ತಿ. ಡಿಸ್ಚಾರ್ಜ್ ಆಗಿ ಮನೆಗೆ ಬಂದವರನ್ನು ಸ್ಕ್ಯಾನಿಗೆ ಅಂತ ಮತ್ತೆ ಮತ್ತೆ ಕಾರಿಗೆ ಎತ್ತಿ ಹಾಕುವುದು ಸುಲಭವಾ? ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ ನಿಜ, ಆದರೆ ಸ್ಕ್ಯಾನ್ ಯಂತ್ರ ಬರುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾನೂನಿನ ನಿಯಮದಂತೆ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಯಂತ್ರವನ್ನೂ ನೋಂದಣಿಯಾದ ಜಾಗದಿಂದ ತಂದು ಮನೆಮನೆಗೆ ಒಯ್ಯುವ ಹಾಗಿಲ್ಲ.

ಉಳಿದದ್ದು ಟೈಲರ್ ಟೇಪು. ಎರಡೂ ಮೀನಖಂಡದ ಸುತ್ತಳತೆ ದಿನಾ ಒಂದೇ ಜಾಗದಲ್ಲಿ ನೋಡಿ. ಒಂದು ಕಾಲು ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಜಾಸ್ತಿ ದಪ್ಪವಾದರೆ ಅಥವಾ ಬಿಸಿಯಾಗಿ ಕೆಂಪಾದರೆ ಆ ದಿನವೇ ಸ್ಕ್ಯಾನಿಗೆ ಹೋಗಿ. ಉಸಿರು ಕಟ್ಟಿದರೆ ಸ್ಕ್ಯಾನ್ ಗೀನ್ ಅಂತ ಕಾಯದೆ ಸೀದಾ ಎಮರ್ಜೆನ್ಸಿಗೆ. ಮತ್ತೆ, ಬಾತ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಲು ಹೊರಡುವ ಹಿರಿಯರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ, ಅವರನ್ನು ಮೊದಲು ತಡೆಯಿರಿ.