ಮಣಿಯಲು ಕಲಿತ ರೋಬೋ ತೋಳು

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಹೆಬ್ಬೆರಳು ಒತ್ತಿ ನೋಡಿ. 2 ಕೆಜಿ ತೋರಿಸಿದರೆ ಅದು ಸುಮಾರು 20 ನ್ಯೂಟನ್ ಬಲ. ಈಗ ಅರ್ಧ ನಿಮಿಷ ಅಷ್ಟೇ ಒತ್ತಿ ಹಿಡಿಯಿರಿ. ಅಂಕಿ ನಿಂತಲ್ಲಿ ನಿಲ್ಲುವುದಿಲ್ಲ, ಅಲ್ವಾ? ಹಿತ್ತಾಳೆ ನಲ್ಲಿಗೆ ಪಾಲಿಶ್ ಮಾಡುವ ರೋಬೋ ತೋಳಿನ ಕೆಲಸವೂ ಇದೇ. ಅದೂ ನಲ್ಲಿಯ ಕೊಕ್ಕೆಯಂಥ ಬಾಗನ್ನು, ಓಡುತ್ತಾ ಉಜ್ಜುವ ಬೆಲ್ಟ್ ಮೇಲೆ ತಿರುಗಿಸುತ್ತಾ.

"ರೋಬೋ ಕರಾರುವಾಕ್ಕು, ದಾರಿ ಹೇಳಿಕೊಟ್ಟರೆ ಸಾಕು" ಎನ್ನುವವರ ಮಾತು ಕೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಪಾಲಿಶ್ ಕೆಲಸಕ್ಕೆ ಆ ಕರಾರುವಾಕ್ಕುತನವೇ ಮುಳುವು. 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂದ ಯೂನಿಮೇಟ್ ಎಂಬ ರೋಬೋ ತೋಳು ಬಿಸಿಬಿಸಿ ಎರಕದ ತುಂಡುಗಳನ್ನು ಎತ್ತಿಡುತ್ತಿತ್ತು. ಅದಕ್ಕೆ ಜಾಗ ಗೊತ್ತಿದ್ದರೆ ಆಯಿತು. ಎರಕದ ನಲ್ಲಿಗಳಾದರೋ ಒಂದರಂತೆ ಒಂದಿರುವುದಿಲ್ಲ. ತೋಳು, ಬೆಲ್ಟ್ ಎಲ್ಲ ಸೇರಿ 1 ಮಿಲಿಮೀಟರ್ ಮಣಿಯಲು 200 ನ್ಯೂಟನ್ ಬೇಕು ಎಂದಿಟ್ಟುಕೊಳ್ಳಿ. ನಲ್ಲಿ ಅರ್ಧ ಮಿಲಿಮೀಟರ್ ದಪ್ಪಗಿದ್ದರೆ 100 ನ್ಯೂಟನ್ ಜಾಸ್ತಿ ಬಿತ್ತು. ಹತ್ತು ಕೆಜಿ ಭಾರ! ತೆಳ್ಳಗಿದ್ದರೆ ಬೆಲ್ಟ್ ತಾಗುವುದೇ ಇಲ್ಲ.

ಇದಕ್ಕೆ ಉಪಾಯ ಆ ತಕ್ಕಡಿಯ ಹೊಟ್ಟೆಯಲ್ಲೇ ಇದೆ. ಒಳಗಿನ ಲೋಹದ ಪಟ್ಟಿಗೆ ಅಂಕುಡೊಂಕಾದ ತೆಳು ತಂತಿಯ ಹಾಳೆ ಅಂಟಿಸಿರುತ್ತಾರೆ. ಪಟ್ಟಿ ಒಂಚೂರು ಬಾಗಿದರೆ ತಂತಿ ಹಿಗ್ಗುತ್ತದೆ. ರಬ್ಬರ್ ಬ್ಯಾಂಡ್ ಎಳೆದಂತೆ ಉದ್ದವಾಗಿ, ಸಣ್ಣಗೆ. ತೋಟದ ಪೈಪು ಉದ್ದವಾಗಿ ಸಣ್ಣಗಾದರೆ ನೀರು ತಿಣುಕುತ್ತದಲ್ಲ, ಹಾಗೆ ಇಲ್ಲಿ ವಿದ್ಯುತ್ತು ತಿಣುಕುತ್ತದೆ. ಎಷ್ಟು ತಿಣುಕಿತು ಎಂದು ಅಳೆದರೆ ಎಷ್ಟು ಒತ್ತಿದೆ ಎಂದು ಗೊತ್ತಾಯಿತು. ಎಳೆದ ತಂತಿಯ ಈ ಗುಣವನ್ನು ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1856ರಲ್ಲೇ ಹೇಳಿದ್ದರು. ತಕ್ಕಡಿ ಅಳೆಯುವುದು ಒಂದೇ ದಿಕ್ಕನ್ನು. ರೋಬೋ ಮಣಿಕಟ್ಟಿನ ಸೆನ್ಸರ್ ಮೂರು ದಿಕ್ಕಿನ ಬಲ, ಮೂರು ದಿಕ್ಕಿನ ತಿರುಚು, ಆರನ್ನೂ ಅಳೆಯುತ್ತದೆ.

ಆದರೆ ಅದಕ್ಕೆ ನಲ್ಲಿಯ ತೂಕವೂ ಗೊತ್ತಾಗುತ್ತದೆ! ಪಾತ್ರೆಯ ತೂಕ ಕಳೆದು ಬೇಳೆ ತೂಗುವಂತೆ ಅದನ್ನು ಕಳೆಯಬೇಕು. ಕೈ ತಿರುಗಿದಂತೆ ಭಾರ ಬೀಳುವ ದಿಕ್ಕೂ ತಿರುಗುತ್ತದೆ, ಹಾಗಾಗಿ ಕ್ಷಣಕ್ಷಣಕ್ಕೂ ಹೊಸ ಲೆಕ್ಕ.

ಪ್ರೋಗ್ರಾಂ ಬರೆಯುವಾಗ ರೊಟ್ಟಿ ತಟ್ಟುವ ಕೈಯನ್ನು ನೆನೆಸಿಕೊಳ್ಳಿ. ಕೈ ಸುತ್ತ ಓಡುವುದೇ ಬೇರೆ, ಕೆಳಗೆ ಎಷ್ಟು ಒತ್ತಬೇಕು ಎನ್ನುವುದೇ ಬೇರೆ. 1981ರಲ್ಲಿ ರೋಬೋ ಸಂಶೋಧಕರಾದ ರೈಬರ್ಟ್ ಮತ್ತು ಕ್ರೇಗ್ ಹೇಳಿದ್ದೂ ಇದನ್ನೇ: ವಸ್ತುವಿನ ಮೈಗುಂಟ ಸಾಗುವಾಗ ಜಾಗ ನೋಡು, ಮೈಗೆ ನೇರ ಒತ್ತುವಾಗ ಬಲ ನೋಡು. ಬಲ 20 ನ್ಯೂಟನ್ ದಾಟಿದರೆ ತೋಳು ಹಿಂದೆ ಸರಿಯುತ್ತದೆ, ಇಳಿದರೆ ಮುಂದೆ ಬರುತ್ತದೆ. ಇಲ್ಲಿ ಆತುರ ಕೂಡದು. ಗೀಸರ್ ನೀರು ಬಿಸಿ ಎಂದು ತಣ್ಣೀರು ಪೂರ್ತಿ ತಿರುಗಿಸಿ, ಚಳಿ ಎಂದು ಮತ್ತೆ ಬಿಸಿಗೆ ತಿರುಗಿಸುವವರ ಪಾಡೇ ತೋಳಿಗೂ. ಅದು ನಡುಗುತ್ತದೆ, ಹಿತ್ತಾಳೆಯ ಮೇಲೆ ಅಲೆಅಲೆ ಗೆರೆ ಏಳುತ್ತದೆ.

ಬಲ ಸಮ ಇದ್ದರೂ ಅಂಚು ಹೆಚ್ಚು ಸವೆಯುವುದೇಕೆ? ಗಾಜು ಉಜ್ಜುವುದನ್ನು ನೋಡಿ ಪ್ರೆಸ್ಟನ್ ಎಂಬ ವಿಜ್ಞಾನಿ 1927ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಒತ್ತಡ ಎರಡು ಪಟ್ಟಾದರೆ ಸವೆತವೂ ಎರಡು ಪಟ್ಟು, ವೇಗಕ್ಕೂ ಅದೇ ಲೆಕ್ಕ. ಅಂಚಿನಲ್ಲಿ ಬೆಲ್ಟ್ ತಾಗುವ ಜಾಗ ಚಿಕ್ಕದು. ಅದೇ 20 ನ್ಯೂಟನ್ ಅಷ್ಟು ಸಣ್ಣ ಜಾಗಕ್ಕೆ ಬಿದ್ದರೆ ಅಂಚು ಸವೆದು ದುಂಡಗಾಗಿಬಿಡುತ್ತದೆ. ಅದಕ್ಕೇ ಅಂಚು ಹತ್ತಿರವಾದಂತೆ ಬಲ ಇಳಿಸಬೇಕು, ಇಲ್ಲವೇ ತೋಳು ಬೇಗ ದಾಟಿಹೋಗಬೇಕು. ಕೆಲಸ ಮುಗಿದ ನಲ್ಲಿಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಮೆಲ್ಲಗೆ ತಿರುಗಿಸಿ. ಬೆಳಕಿನ ಗೆರೆ ಎಲ್ಲೂ ಮುರಿಯದೆ ಬಾಗಿನ ಮೇಲೆ ಜಾರಿಕೊಂಡು ಹೋದರೆ, ತೋಳಿಗೆ ಹದ ಸಿಕ್ಕಿದೆ.