ಮಾದರಿ ವಿಮಾನದ ಮೋಟರ್ ಮೌಂಟ್ ಬಿರಿಯುವುದು ಎಲ್ಲಿ, ಏಕೆ?

ಮಾದರಿ ವಿಮಾನದ ಮೂತಿಯಲ್ಲಿ ಮೋಟರನ್ನು ಹಿಡಿದಿರುವ ಲೋಹದ ಮೌಂಟ್ ಮುರಿದರೆ ಹೆಚ್ಚಿನವರು ಮುಂದಿನ ಸಲ ಇನ್ನೂ ದಪ್ಪ ತಗಡು ತರುತ್ತಾರೆ. ಲೆಕ್ಕ ಹಾಕಿದರೆ ಕೊರತೆ ಅಲ್ಲಿಲ್ಲ. ನಿಮಿಷಕ್ಕೆ 9,000 ಸುತ್ತು ತಿರುಗುತ್ತ 300 ವಾಟ್ ಕೊಡುವ ಮೋಟರಿನ ತಿರುಚುಬಲ ಸುಮಾರು 0.32 ನ್ಯೂಟನ್-ಮೀಟರ್ ಅಷ್ಟೇ. ನಾಲ್ಕು ಎಂ3 (3 ಮಿ.ಮೀ. ವ್ಯಾಸದ) ಸ್ಕ್ರೂಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಮೌಂಟನ್ನು ಮುರಿಯುವುದು ಕಂಪನ. ತೂಕ ಸಮವಿಲ್ಲದ ಪ್ರೊಪೆಲ್ಲರ್ ಅದನ್ನು ಸೆಕೆಂಡಿಗೆ 150 ಸಲ ಅಲುಗಿಸುತ್ತದೆ, ಅಂದರೆ ಹತ್ತು ನಿಮಿಷದ ಹಾರಾಟದಲ್ಲಿ 90,000 ಸಲ. ಉಕ್ಕಿನ ಮೇಲಿನ ಒತ್ತಡ ಒಂದು ಮಿತಿಯೊಳಗಿದ್ದರೆ ಅದು ಇದನ್ನು ಬಹುಕಾಲ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಎಲ್ಲೋ ಒಂದು ಗೀರು, ಒಂದು ಚೂಪು ಮೂಲೆ ಸಿಕ್ಕರೆ ಬಿರುಕು ಅಲ್ಲಿಂದಲೇ ಶುರು.

ಹಾಗಾಗಿ ಮೊದಲ ಪ್ರಶ್ನೆ ದಪ್ಪದ್ದಲ್ಲ, ಮಿಶ್ರಲೋಹದ್ದು. 6061-ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಗಟ್ಟಿ, ನಿಜ; ಆದರೆ ಸಣ್ಣ ತ್ರಿಜ್ಯದಲ್ಲಿ ಮಡಿಸಿದರೆ ಹೊರಮೈ ಬಿರಿಯುತ್ತದೆ. ಮಡಿಸುವ ಕೆಲಸಕ್ಕೆ 5052-ಎಚ್32 ಎಂಬ ಅಲ್ಯೂಮಿನಿಯಂ ಒಳ್ಳೆಯದು. 28 ಮಿ.ಮೀ. ವ್ಯಾಸದ ಮೋಟರಿಗೆ 2 ಮಿ.ಮೀ. ತಗಡು ಸಾಕು. 1.5 ಮಿ.ಮೀ.ಗೆ ಇಳಿಯಬೇಡಿ: ಬಾಗದಿರುವ ಗುಣ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ 2 ಮಿ.ಮೀ. ತಗಡು ಅದಕ್ಕಿಂತ ಸುಮಾರು 2.4 ಪಟ್ಟು ಬಿಗಿ.

ಆಕಾರ ಟೋಪಿಯದು: ಮುಂದೆ ಮೋಟರ್ ಕೂರುವ ಮುಖ, ಹಿಂದಕ್ಕೆ ಎರಡು ಕಾಲು, ಕಾಲುಗಳ ತುದಿಯಲ್ಲಿ ಹೊರಕ್ಕೆ ಚಾಚಿದ ಪಾದಗಳು. ಹೊರ ಅಳತೆಯಲ್ಲಿ ಮುಖ 44, ಕಾಲು 30, ಕಾಲಿನ ಒಳಮೈಯಿಂದ ಅಳೆದ ಪಾದ 18 ಮಿ.ಮೀ. ಎಲ್ಲ ಕೂಡಿಸಿದರೆ 140. ಆದರೆ ಅಷ್ಟುದ್ದ ಕತ್ತರಿಸಿದರೆ ಮೌಂಟ್ ದೊಡ್ಡದಾಗುತ್ತದೆ, ಏಕೆಂದರೆ ಲೋಹ ಮೂಲೆಯಲ್ಲಿ ಸುತ್ತಿ ಹೋಗುತ್ತದೆಯೇ ಹೊರತು ಮೂಲೆಯ ತುದಿ ಮುಟ್ಟುವುದಿಲ್ಲ. ಒಳತ್ರಿಜ್ಯ 3 ಮಿ.ಮೀ. ಇಟ್ಟರೆ ಪ್ರತಿ ಮಡಿಕೆಗೆ ಸುಮಾರು 4 ಮಿ.ಮೀ. ಕಳೆಯಬೇಕು. ನಾಲ್ಕು ಮಡಿಕೆಗೆ 16. ಪಟ್ಟಿಯ ಉದ್ದ 124 ಮಿ.ಮೀ., ಅಗಲ 40. ತೂಕ 26 ಗ್ರಾಂ ಆಸುಪಾಸು. ಮೊದಲು ಅದೇ ತಗಡಿನ ಚೂರೊಂದನ್ನು ಮಡಿಸಿ ಅಳೆದು ನೋಡಿ, ನಿಮ್ಮ ತಗಡಿನ ಸಂಖ್ಯೆ ತುಸು ಬೇರೆ ಇರಬಹುದು.

ಗುರುತು ಹಾಕಲು ಸಣ್ಣ ತುದಿಯ ಮಾರ್ಕರ್ ಪೆನ್ನು ಬಳಸಿ. ಮಡಿಕೆಯ ಗೆರೆಯನ್ನು ಉಕ್ಕಿನ ಮೊನೆಯಿಂದ ಗೀರಿದರೆ ಬಿರುಕಿಗೆ ನಾವೇ ದಾರಿ ತೋರಿಸಿದಂತೆ. ಉರುಳೆಯಲ್ಲಿ ಒತ್ತಿ ತಗಡು ಮಾಡುವಾಗ ಅದರ ಮೇಲೆ ಮೂಡಿದ ಉದ್ದ ಗೆರೆಗಳಿಗೆ ಮಡಿಕೆ ಅಡ್ಡವಾಗಿ ಬರಲಿ. ಮೋಟರಿನ ರಂಧ್ರಗಳನ್ನು ತಗಡು ಚಪ್ಪಟೆಯಿರುವಾಗಲೇ ಕೊರೆಯಿರಿ: ಒಂದು ಜೋಡಿ 16, ಅದಕ್ಕೆ ಅಡ್ಡಲಾಗಿ ಇನ್ನೊಂದು ಜೋಡಿ 19 ಮಿ.ಮೀ. ಅಂತರದಲ್ಲಿ 3.2 ಮಿ.ಮೀ. ರಂಧ್ರಗಳು, ನಡುವೆ ಹಿಂದಕ್ಕೆ ಚಾಚಿದ ಶಾಫ್ಟಿಗೆ 10 ಮಿ.ಮೀ. (ಈ ಅಂತರ ಈ ಗಾತ್ರದ ಮೋಟರುಗಳಲ್ಲಿ ಸಾಮಾನ್ಯ, ಆದರೂ ಕೈಲಿರುವ ಮೋಟರನ್ನು ಅಳೆಯದೆ ಕೊರೆಯಬೇಡಿ.) ಪ್ರತಿ ರಂಧ್ರದ ಅಂಚನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ನಯ ಮಾಡಿ, ಪಟ್ಟಿಯ ಅಂಚುಗಳಿಗೆ ಅರ, ಆಮೇಲೆ 400 ನಂಬರಿನ ಮರಳು ಕಾಗದ.

ಮೊದಲು ಪಾದ ಮಡಿಸಿ, ಆಮೇಲೆ 40 ಮಿ.ಮೀ. ಅಗಲದ ಗಟ್ಟಿಮರದ ತುಂಡಿನ ಮೇಲೆ ಮುಖ. ತಗಡು ಮಡಿಯುವ ಅಂಚುಗಳೆಲ್ಲ 3 ಮಿ.ಮೀ. ತ್ರಿಜ್ಯಕ್ಕೆ ದುಂಡಗಿರಬೇಕು. ಸುತ್ತಿಗೆಯಿಂದ ನೇರ ಹೊಡೆಯದೆ ಮರದ ತುಂಡಿಟ್ಟು ಒತ್ತಿ. ತಪ್ಪು ಕೋನಕ್ಕೆ ಬಂದ ಮಡಿಕೆಯನ್ನು ಬಿಡಿಸಿ ಮತ್ತೆ ಮಡಿಸಬೇಡಿ, ಆ ಪಟ್ಟಿಯನ್ನು ಬದಿಗಿಡಿ. ಪಾದದ ರಂಧ್ರಗಳು ಮಡಿಕೆಗೆ ಹತ್ತಿರ. ಮೊದಲೇ ಕೊರೆದರೆ ಮೊಟ್ಟೆಯಾಕಾರಕ್ಕೆ ಎಳೆಯುತ್ತವೆ. ಮಡಿಸಿದ ಮೇಲೆಯೇ ಕೊರೆಯಿರಿ.

ಸ್ಕ್ರೂ ಉದ್ದದ ವಿಷಯದಲ್ಲಿ ಅಂದಾಜು ಸಲ್ಲದು. ತಗಡು 2, ವಾಶರ್ 0.5, 6 ಮಿ.ಮೀ. ಸ್ಕ್ರೂ ಹಾಕಿದರೆ ಮೋಟರಿನೊಳಕ್ಕೆ 3.5 ಮಿ.ಮೀ. ಹೋಗುತ್ತದೆ. ಹೆಚ್ಚಿದ್ದರೆ ತುದಿ ತಾಮ್ರದ ಸುರುಳಿಯನ್ನು ಗೀರಿ ಶಾರ್ಟ್ ಆಗುತ್ತದೆ. ಬಿಗಿಸಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೋಟರಿನ ತಂತಿಗೆ, ಇನ್ನೊಂದನ್ನು ಸ್ಕ್ರೂ ತಲೆಗೆ ಹಿಡಿಯಿರಿ, ಸಂಪರ್ಕ ತೋರಿಸಬಾರದು. ಸ್ಕ್ರೂವಿನ ಎಳೆಗಳಿಗೆ ನೀಲಿ ಥ್ರೆಡ್‌ಲಾಕರ್ (ಕಂಪನಕ್ಕೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಮೋಟರನ್ನು ಮೌಂಟಿಗೆ ಕೂರಿಸಿದ ನಂತರವೇ ಪಾದಗಳನ್ನು ಎಂ4 ಸ್ಕ್ರೂ ಮತ್ತು ಬ್ಲೈಂಡ್ ನಟ್‌ಗಳಿಂದ (ಪ್ಲೈವುಡ್ಡಿನ ಹಿಂಬದಿಗೆ ಕಚ್ಚಿ ಕೂರುವ ನಟ್) ಫೈರ್‌ವಾಲಿಗೆ, ಅಂದರೆ ವಿಮಾನದ ಮೂತಿಯ ಪ್ಲೈವುಡ್ ಅಡ್ಡಗೋಡೆಗೆ, ಬಿಗಿಯಿರಿ.

ಮುಂದಕ್ಕೆಳೆಯುವ ಪ್ರೊಪೆಲ್ಲರ್ ಹಿಂದಿನಿಂದ ನೋಡಿದಾಗ ಬಲಸುತ್ತು ತಿರುಗುವ ವಿಮಾನದಲ್ಲಿ ಮೋಟರಿನ ಮುಖ ಸಾಮಾನ್ಯವಾಗಿ 2 ಡಿಗ್ರಿ ಬಲಕ್ಕೆ ಓರೆಯಾಗಿರಬೇಕಾಗುತ್ತದೆ. ಎಡ ಮತ್ತು ಬಲ ಪಾದಗಳ ರಂಧ್ರಗಳ ನಡುವೆ 63 ಮಿ.ಮೀ. ಇದ್ದರೆ ಎಡ ಪಾದದ ಕೆಳಗೆ 2.2 ಮಿ.ಮೀ. ವಾಶರ್ ಸೇರಿಸಿ. ಆಗ ಪ್ರೊಪೆಲ್ಲರ್ ಕೂಡ ಬಲಕ್ಕೆ ಸರಿಯುತ್ತದೆ. ಫೈರ್‌ವಾಲಿನಿಂದ ಅದು 75 ಮಿ.ಮೀ. ಮುಂದಿದ್ದರೆ ಇಡೀ ಮೌಂಟನ್ನು 2.6 ಮಿ.ಮೀ. ಎಡಕ್ಕೆ ಕೂರಿಸಿ. ಇದನ್ನು ರಂಧ್ರ ಕೊರೆಯುವ ಮೊದಲೇ ಲೆಕ್ಕ ಹಾಕಬೇಕು, ಆಮೇಲೆ ನೆನಪಾದರೆ ಫೈರ್‌ವಾಲ್ ಜರಡಿಯಾಗುತ್ತದೆ.

ಮೊದಲ ಹಾರಾಟಗಳ ನಂತರ, ಹಾಗೂ ಮೂತಿ ನೆಲಕ್ಕೆ ತಾಗಿದಾಗಲೆಲ್ಲ, ಬ್ಯಾಟರಿ ಕಳಚಿ ನಾಲ್ಕೂ ಮಡಿಕೆಗಳ ಹೊರಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ಅಡ್ಡಲಾಗಿ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೂ ಆ ಮೌಂಟನ್ನು ತೆಗೆದುಹಾಕಿ. ಅರದಿಂದ ಉಜ್ಜಿದರೆ ಗೆರೆ ಮಾಯವಾಗಬಹುದು, ಬಿರುಕು ಒಳಗೇ ಉಳಿದಿರುತ್ತದೆ.